ತಿನ್ನದ ಪತಂಗ ಬದುಕುವುದು ಹೇಗೆ? ಕೀಟಗಳ ಕೊಬ್ಬಿನ ಸಂಗ್ರಹ: ಒಂದು ಪಾಠಕ್ಕೆ ಬೇಕಾದ ಹಿನ್ನೆಲೆ

ರೇಷ್ಮೆ ಪತಂಗ ಗೂಡಿನಿಂದ ಹೊರಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ತಿನ್ನಲು ಬೇಕಾದ ಬಾಯಿಭಾಗಗಳೇ ಅದಕ್ಕೆ ಸರಿಯಾಗಿ ಬೆಳೆದಿರುವುದಿಲ್ಲ. ಆದರೂ ಅದು ಕೆಲವು ದಿನ ಬದುಕುತ್ತದೆ, ಜೊತೆ ಕೂಡುತ್ತದೆ, ಹೆಣ್ಣು ಪತಂಗ ಸುಮಾರು 400ರಿಂದ 500 ಮೊಟ್ಟೆ ಇಡುತ್ತದೆ. ಇಷ್ಟಕ್ಕೆಲ್ಲ ಶಕ್ತಿ ಎಲ್ಲಿಂದ ಬಂತು? ಪ್ರೌಢಶಾಲೆಯ ಜೀವನಚಕ್ರದ ಪಾಠದಲ್ಲಿ ಮೊಟ್ಟೆ, ಹುಳು, ಕೋಶ, ಪತಂಗ ಎಂಬ ನಾಲ್ಕು ಚಿತ್ರಗಳನ್ನು ಬಾಣದ ಗುರುತಿನಿಂದ ಜೋಡಿಸಿ ಮುಂದೆ ಹೋಗುತ್ತೇವೆ. ಆ ಬಾಣಗಳ ಹಿಂದಿನ ಶಕ್ತಿಯ ಲೆಕ್ಕ ಮಾತ್ರ ಹೇಳದೆ ಉಳಿಯುತ್ತದೆ.

ಉಗ್ರಾಣ ಎಲ್ಲಿದೆ?

ಕೀಟದ ದೇಹದಲ್ಲಿ ಕರುಳಿನ ಸುತ್ತ ಮತ್ತು ಚರ್ಮದ ಕೆಳಗೆ ಬೆಳ್ಳಗಿನ ಸಡಿಲ ಪದರಗಳಾಗಿ ಹರಡಿರುವ ಅಂಗಾಂಶವೊಂದಿದೆ. ಇದಕ್ಕೆ ‘ಫ್ಯಾಟ್ ಬಾಡಿ’ ಎನ್ನುತ್ತಾರೆ. ತರಗತಿಯಲ್ಲಿ ‘ಕೊಬ್ಬಿನ ಅಂಗ’ ಎಂದರೆ ಸಾಕು. ಹೆಸರು ಕೊಬ್ಬಿನದಾದರೂ ಕೆಲಸ ಅದಷ್ಟೇ ಅಲ್ಲ. ನಮ್ಮಲ್ಲಿ ಯಕೃತ್ತು ಮತ್ತು ಕೊಬ್ಬಿನ ಅಂಗಾಂಶ ಹಂಚಿಕೊಂಡಿರುವ ಅನೇಕ ಕೆಲಸಗಳನ್ನು ಕೀಟದಲ್ಲಿ ಇದೊಂದೇ ಮಾಡುತ್ತದೆ. ಗ್ಲೈಕೋಜನ್ ಕೂಡಿಡುವುದು, ಕೀಟದ ರಕ್ತಕ್ಕೆ ಬೇಕಾದ ಟ್ರೆಹಲೋಸ್ ಸಕ್ಕರೆ ತಯಾರಿಸುವುದು, ಮೊಟ್ಟೆಯ ಭಂಡಾರಕ್ಕೆ ಬೇಕಾದ ಪ್ರೋಟೀನು ಒದಗಿಸುವುದು ಇವೆಲ್ಲ ಇಲ್ಲಿಯೇ. ಹಿಪ್ಪುನೇರಳೆ ಸೊಪ್ಪಿನಲ್ಲಿ ಕೊಬ್ಬು ಕಡಿಮೆ. ಹುಳು ಎಲೆಯ ಶರ್ಕರಗಳನ್ನೂ ಕೊಬ್ಬಾಗಿ ಮಾರ್ಪಡಿಸಿ, ಜೀವಕೋಶಗಳೊಳಗೆ ಸಣ್ಣ ಹನಿಗಳ ರೂಪದಲ್ಲಿ ಇಡುತ್ತದೆ. ಈ ಹನಿಗಳಲ್ಲಿರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್.

ಕೊಬ್ಬೇ ಏಕೆ?

ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲರಿ, ಒಂದು ಗ್ರಾಂ ಕಾರ್ಬೊಹೈಡ್ರೇಟಿನಿಂದ ಸುಮಾರು 4 ಕಿಲೊಕ್ಯಾಲರಿ ದೊರೆಯುತ್ತದೆ. ಜೊತೆಗೆ ಗ್ಲೈಕೋಜನ್ ತನ್ನ ತೂಕದ ಎರಡು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬಿಗೆ ಆ ಹೊರೆ ಇಲ್ಲ. ಹಾರುವ ಜೀವಿಗೆ ಇದು ದೊಡ್ಡ ಲಾಭ. ಇನ್ನೊಂದು ಲಾಭವೂ ಇದೆ: ಒಂದು ಗ್ರಾಂ ಕೊಬ್ಬು ಉತ್ಕರ್ಷಣಗೊಂಡಾಗ ಒಂದು ಗ್ರಾಮಿಗಿಂತ ತುಸು ಹೆಚ್ಚೇ ನೀರು ಉತ್ಪತ್ತಿಯಾಗುತ್ತದೆ. ಗೂಡಿನೊಳಗೆ ನೀರು ಕುಡಿಯದೆ ಇರುವ ಕೋಶಕ್ಕೆ ಇದರ ಬೆಲೆ ಎಷ್ಟೆಂದು ವಿದ್ಯಾರ್ಥಿಗಳೇ ಊಹಿಸಬಲ್ಲರು.

ಉಗ್ರಾಣದಿಂದ ಸ್ನಾಯುವಿಗೆ

ಖರ್ಚಿನ ಬಗೆ ಚೆನ್ನಾಗಿ ತಿಳಿದಿರುವುದು ಮಿಡತೆಗಳಲ್ಲಿ. ಮರುಭೂಮಿ ಮಿಡತೆಯ ಹಿಂಡು ಒಂದೇ ದಿನದಲ್ಲಿ 150 ಕಿಲೋಮೀಟರಿನಷ್ಟು ದೂರ ಸಾಗಬಲ್ಲದು. 2020ರಲ್ಲಿ ಇಂಥ ಹಿಂಡುಗಳು ರಾಜಸ್ಥಾನದ ಹೊಲಗಳಿಗೆ ಇಳಿದದ್ದು ನೆನಪಿರಬಹುದು. ಹಾರಾಟದ ಮೊದಲ ನಿಮಿಷಗಳಲ್ಲಿ ಮಿಡತೆ ಹೆಚ್ಚಾಗಿ ರಕ್ತದಲ್ಲಿರುವ ಟ್ರೆಹಲೋಸನ್ನು ಬಳಸುತ್ತದೆ. ಹಾರಾಟ ಮುಂದುವರಿದಂತೆ ಮಿದುಳಿನ ಹಿಂದಿರುವ ಪುಟ್ಟ ಗ್ರಂಥಿಯೊಂದು ಅಡಿಪೋಕೈನೆಟಿಕ್ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಸಂದೇಶ ತಲುಪಿದ ಕೂಡಲೇ ಕೊಬ್ಬಿನ ಅಂಗದ ಕಿಣ್ವಗಳು ಟ್ರೈಗ್ಲಿಸರೈಡನ್ನು ಒಡೆಯತೊಡಗುತ್ತವೆ, ಡೈಗ್ಲಿಸರೈಡ್ ರಕ್ತಕ್ಕೆ ಇಳಿಯುತ್ತದೆ.

ಕೊಬ್ಬು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದಕ್ಕೊಂದು ವಾಹನ ಬೇಕು. ಅದೇ ಲಿಪೊಫೋರಿನ್ ಎಂಬ ಕಣ. ನಮ್ಮ ರಕ್ತದ ಎಲ್‌ಡಿಎಲ್ ಕಣ ಜೀವಕೋಶದೊಳಕ್ಕೆ ಹೋಗಿ ಅಲ್ಲಿಯೇ ಒಡೆದುಹೋಗುತ್ತದೆ. ಹಾರುವ ಕೀಟದ ಲಿಪೊಫೋರಿನ್ ಹಾಗಲ್ಲ. ಸರಕು ಇಳಿಸಿ ಖಾಲಿ ಲಾರಿಯಂತೆ ಹಿಂದಿರುಗಿ ಮತ್ತೆ ಲೋಡು ಹೊರುತ್ತದೆ. ಸ್ನಾಯು ತಲುಪಿದ ಕೊಬ್ಬಿನಾಮ್ಲಗಳು ಮೈಟೊಕಾಂಡ್ರಿಯದಲ್ಲಿ ಉತ್ಕರ್ಷಣಗೊಂಡು ಎಟಿಪಿ ಸಿಗುತ್ತದೆ. ಈ ಕೊನೆಯ ಹಂತ ನಮ್ಮ ಸ್ನಾಯುಗಳಲ್ಲಿ ನಡೆಯುವಂಥದ್ದೇ.

ತರಗತಿಯಲ್ಲಿ ಎದುರಾಗುವ ಎರಡು ತೊಡಕು

ಮೊದಲನೆಯದು ‘ವಿಶ್ರಾಂತಿ ಹಂತ’ ಎಂಬ ಮಾತು. ಕೋಶಾವಸ್ಥೆಯನ್ನು ಹೀಗೆ ಕರೆದರೆ ಮಕ್ಕಳು ‘ಹುಳು ಒಳಗೆ ನಿದ್ದೆ ಮಾಡುತ್ತಿದೆ’ ಎಂದು ಬರೆಯುತ್ತಾರೆ. ನಿಜವಾಗಿ ಅಲ್ಲಿ ಹಳೆಯ ಅಂಗಗಳು ಕರಗಿ ರೆಕ್ಕೆ, ಕಾಲು, ಅಂಡಾಶಯ ರೂಪುಗೊಳ್ಳುತ್ತಿರುತ್ತವೆ. ಹೊರಗೆ ಚಲನೆ ಇಲ್ಲ, ಒಳಗೆ ಬಿಡುವಿಲ್ಲ. ‘ಆಹಾರ ಸೇವಿಸದ ಹಂತ’ ಎಂದರೆ ಹೆಚ್ಚು ಸರಿ.

ಎರಡನೆಯದು ‘ಕೊಬ್ಬು’ ಎಂಬ ಪದ. ಕನ್ನಡದಲ್ಲಿ ಅದಕ್ಕೆ ಸೊಕ್ಕು ಎಂಬ ಅರ್ಥವೂ ಇದೆ. ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಯಲ್ಲಿ ಈ ಪದ ಬರೆದಾಗ ನಗು ಎದ್ದಿತು, ಕೆಲವರು ದಪ್ಪಗಿರುವ ಸಹಪಾಠಿಯ ಕಡೆ ತಿರುಗಿದರು. ಆ ಹುಡುಗಿ ತಲೆ ತಗ್ಗಿಸಿದಳು. ಆಗ ನೆರವಿಗೆ ಬಂದದ್ದು ರೇಷ್ಮೆ ಸಾಕುವ ಮನೆಯ ಹುಡುಗನೊಬ್ಬನ ಮಾತು: “ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಕಮ್ಮಿ ಆದ್ರೆ ಗೂಡು ತೆಳ್ಳಗೆ ಬರುತ್ತೆ ಮೇಡಂ.” ಅವನ ಮಾತಿನಿಂದಲೇ ಪಾಠ ಮುಂದುವರಿಯಿತು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಸುಮಾರು 80 ಶೇಕಡಾ ಅಥವಾ ಇನ್ನೂ ಹೆಚ್ಚು ಭಾಗ ಈ ಐದನೇ ಹಂತದ್ದೇ. ಗೂಡಿನ ನೂಲು ಪ್ರೋಟೀನು, ಕೊಬ್ಬಲ್ಲ. ಆದರೆ ನೂಲಿಗೂ ಮುಂದಿನ ಉಪವಾಸದ ಬುತ್ತಿಗೂ ಗಳಿಕೆ ನಡೆಯುವುದು ಅದೇ ದಿನಗಳಲ್ಲಿ. ಕೊಬ್ಬು ಎಂದರೆ ಬುತ್ತಿ ಎಂದು ಹಲಗೆಯ ಮೇಲೆ ಬರೆದ ಮೇಲೆ ಆ ಪದಕ್ಕೆ ಮತ್ತೆ ಯಾರೂ ನಗಲಿಲ್ಲ.

ಒಂದು ಸರಳ ಚಟುವಟಿಕೆ

ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಉಳಿಯುವ ಕೋಶಗಳನ್ನು ಒಣಗಿಸಿ ತನ್ನಿ. ಒಂದನ್ನು ಬಿಳಿ ಕಾಗದದ ಮಡಿಕೆಯಲ್ಲಿಟ್ಟು ಒತ್ತಿ. ಇನ್ನೊಂದು ಕಾಗದದ ಮೇಲೆ ನೀರಿನ ಹನಿ ಹಾಕಿ. ಎರಡನ್ನೂ ಬಿಸಿಲಿನಲ್ಲಿಟ್ಟು ನಂತರ ಬೆಳಕಿಗೆ ಹಿಡಿಯಿರಿ. ನೀರಿನ ಕಲೆ ಮಾಯವಾಗಿರುತ್ತದೆ. ಕೋಶದ ಕಲೆ ಅರೆಪಾರದರ್ಶಕವಾಗಿ ಉಳಿದಿರುತ್ತದೆ. ವಾಸನೆ ತೀಕ್ಷ್ಣವಾಗಿರುವುದರಿಂದ ಕಿಟಕಿ ತೆರೆದಿಡಿ, ಕೊನೆಗೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ.

ಮೌಲ್ಯಮಾಪನಕ್ಕೆ ‘ಕೊಬ್ಬಿನ ಅಂಗದ ಕಾರ್ಯಗಳನ್ನು ಪಟ್ಟಿಮಾಡಿ’ ಎನ್ನುವುದಕ್ಕಿಂತ ಹೀಗೆ ಕೇಳಬಹುದು: ಐದನೇ ಹಂತದಲ್ಲಿ ಎರಡು ದಿನ ಸೊಪ್ಪು ಸಿಗದ ಹುಳು ಹೇಗೋ ಗೂಡು ಕಟ್ಟಿತು ಎಂದಿಟ್ಟುಕೊಳ್ಳಿ. ಅದರಿಂದ ಬರುವ ಪತಂಗ ಇಡುವ ಮೊಟ್ಟೆಗಳ ಸಂಖ್ಯೆಯಲ್ಲಿ ವ್ಯತ್ಯಾಸ ಆಗಬಹುದೇ? ಕಾರಣ ಕೊಡಿ. ಇದಕ್ಕೆ ಉತ್ತರ ಬರೆಯಬೇಕಾದರೆ ಮಗು ನಾಲ್ಕು ಚಿತ್ರಗಳ ನಡುವಿನ ಬಾಣಗಳನ್ನು ಓದಲೇಬೇಕಾಗುತ್ತದೆ.