ಹಾಲಿಗೆ ಅಳತೆ ಬಂತು, ಉಣ್ಣೆ ನೂಲಿಗೂ ಬರಲಿ

ಹಾಲು ಉತ್ಪಾದಕ ಸಹೋದರಿಯರೇ,

ಬೆಳಗ್ಗೆ ಸಂಘಕ್ಕೆ ಹಾಲು ಹಾಕಿ ಬಂದ ಮೇಲೆ ನಿಮ್ಮಲ್ಲಿ ಕೆಲವರು ಇನ್ನೊಂದು ಕೆಲಸಕ್ಕೆ ಕೂರುತ್ತೀರಿ. ಉಣ್ಣೆ ಹಿಂಜುತ್ತೀರಿ, ರಾಟೆ ತಿರುಗಿಸುತ್ತೀರಿ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಕುರಿ ಸಾಕುವ ಮನೆಗಳಲ್ಲಿ ಈ ಕೆಲಸ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ನೀವು ಹಾಕಿದ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಸಂಘದಲ್ಲಿ ಬರೆದುಕೊಳ್ಳುತ್ತಾರೆ. ನೀವು ನೂತ ಉಣ್ಣೆ ಎಷ್ಟು, ಎಂಥದ್ದು ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಈ ಸಲ ನಮ್ಮ ಭಾಗದ ನೂಲುವ, ನೇಯುವ ಕೆಲಸದ ಬಗ್ಗೆ, ಅದರಲ್ಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಬರೆಯುತ್ತಿದ್ದೇನೆ.

ಕುರಿಯಿಂದ ಕಂಬಳಿಯವರೆಗೆ

ಕುರಿ ಸಾಕದ ಅಕ್ಕಂದಿರಿಗಾಗಿ ಮೊದಲಿನಿಂದ ಹೇಳುತ್ತೇನೆ. ನಮ್ಮ ಬಯಲುಸೀಮೆಯ ಬಳ್ಳಾರಿ ಮತ್ತು ಡೆಕ್ಕನಿ ತಳಿಯ ಕುರಿಗಳಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಒಂದು ಕುರಿಯಿಂದ ಒಂದು ಸಲಕ್ಕೆ ಸಿಗುವುದು ಸುಮಾರು ಕಾಲು ಕೆಜಿಯಿಂದ ಅರ್ಧ ಕೆಜಿ. ಹೀಗಾಗಿ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಬೇಕು.

ಕತ್ತರಿಸಿದ ಉಣ್ಣೆಯಲ್ಲಿ ಕಸ, ಮುಳ್ಳು, ಹಿಕ್ಕೆ ಎಲ್ಲ ಇರುತ್ತದೆ. ಅದನ್ನು ಕೈಯಿಂದ ಬಿಡಿಸಿ, ಬಣ್ಣ ಬೇರೆ ಮಾಡಿ, ಬಿಲ್ಲಿನಿಂದ ಎಕ್ಕಿ ಹಗುರ ಮಾಡಿ, ಹಂಜಿ ಕಟ್ಟಿ, ರಾಟೆಯಲ್ಲಿ ನೂಲಬೇಕು. ಆಮೇಲೆ ಹಾಸು ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ಹಿಡಿದ ನೂಲು ಮಗ್ಗದಲ್ಲಿ ಸುಲಭವಾಗಿ ಹರಿಯುವುದಿಲ್ಲ. ಕೊನೆಗೆ ಗುಂಡಿ ಮಗ್ಗದಲ್ಲಿ ನೇಯ್ಗೆ. ಬಣ್ಣ ಹಾಕುವುದೇ ಇಲ್ಲ. ಕಪ್ಪು, ಬಿಳಿ, ಬೂದು, ಕಂದು ಎಲ್ಲವೂ ಕುರಿಯ ಮೈಬಣ್ಣವೇ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು.

ಹೆಚ್ಚಿನ ಮನೆಗಳಲ್ಲಿ ಮಗ್ಗದಲ್ಲಿ ಕೂರುವವರು ಗಂಡಸರು. ಬಿಡಿಸುವುದು, ನೂಲುವುದು, ಗಂಜಿ ಕಾಯಿಸುವುದು ಹೆಂಗಸರ ಪಾಲು. ನೇಯುವ ದಿನಗಳಿಗಿಂತ ನೂಲುವ ದಿನಗಳೇ ಹೆಚ್ಚು. ಆದರೂ ಸಂತೆಯಲ್ಲಿ ಕಂಬಳಿ ಮಾರಿದ ಹಣದಲ್ಲಿ ನೂಲಿನ ಕೂಲಿ ಎಷ್ಟು ಎಂದು ಕೇಳಿದರೆ, ಉತ್ತರ ಹೇಳುವ ಮನೆ ನನಗೆ ಸಿಕ್ಕಿದ್ದು ಅಪರೂಪ. ಹಾಲಿನ ಸಂಘ ಊರಿಗೆ ಬರುವ ಮೊದಲು ಹಾಲು ಕರೆಯುವ ಕೆಲಸವೂ ಹೀಗೇ ಲೆಕ್ಕಕ್ಕೆ ಸಿಗದೆ ಇತ್ತು ಎಂದು ನಿಮ್ಮ ಅತ್ತೆಯವರನ್ನು ಕೇಳಿದರೆ ಹೇಳಿಯಾರು.

ಉಣ್ಣೆ ಯಾಕೆ ಹೊಲದ ಪಾಲಾಗುತ್ತಿದೆ?

ಇಂದು ಕುರಿಯ ಬೆಲೆ ನಿಂತಿರುವುದು ಮಾಂಸದ ಮೇಲೆ. ಹಾಗಾಗಿ ಹಲವರು ಉಣ್ಣೆ ಇಲ್ಲದ, ಬೇಗ ತೂಕ ಬರುವ ತಳಿಯ ಟಗರನ್ನು ತಂದು ಹಿಂಡಿಗೆ ಬಿಡುತ್ತಾರೆ. ಎರಡು ಮೂರು ತಲೆಮಾರಿನಲ್ಲಿ ಹಿಂಡಿನ ಉಣ್ಣೆ ಕಡಿಮೆಯಾಗಿ ಒರಟು ಕೂದಲು ಉಳಿಯುತ್ತದೆ. ಇರುವ ಉಣ್ಣೆಗೂ ಬೆಲೆ ಇಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಅದನ್ನು ಹೊಲದಲ್ಲೇ ಬಿಟ್ಟು ಹೋಗುವವರಿದ್ದಾರೆ. ಇನ್ನೊಂದೆಡೆ ಗಿರಣಿಯ ಹೊದಿಕೆಗಳು ಕಡಿಮೆ ಬೆಲೆಗೆ ಸಿಗುತ್ತವೆ.

ನಮ್ಮ ಉಣ್ಣೆ ಕೀಳಲ್ಲ, ಜಾತಿ ಬೇರೆ. ಸ್ವೆಟರಿಗೆ ಬಳಸುವ ಮೆರಿನೊ ಎಳೆ ಸುಮಾರು 20 ಮೈಕ್ರಾನ್ ದಪ್ಪ. ನಮ್ಮ ಕುರಿಗಳ ಎಳೆ ಅದರ ಎರಡು ಪಟ್ಟಿಗೂ ಹೆಚ್ಚು. ಮೈಗೆ ಚುಚ್ಚುತ್ತದೆ ನಿಜ. ಆದರೆ ಹಾಸಲು, ಹೊದೆಯಲು, ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳಲು, ಜಮಖಾನೆ, ಚೀಲಗಳಿಗೆ ಇದು ಗಟ್ಟಿ ಎಳೆ. ಮೃದು ಉಣ್ಣೆಯ ಜೊತೆ ಪೈಪೋಟಿಗೆ ಇಳಿಸಿದರೆ ಸೋಲುತ್ತದೆ, ತನ್ನ ಕೆಲಸಕ್ಕೆ ಬಳಸಿದರೆ ಬಾಳುತ್ತದೆ.

ಅಳತೆ ಸಾಧ್ಯವೇ?

ಸಾಧ್ಯ. ಖಾದಿ ಸಂಸ್ಥೆಗಳಲ್ಲಿ ಹತ್ತಿ ನೂಲುವವರಿಗೆ ಲಡಿಯ ಲೆಕ್ಕದಲ್ಲಿ ಕೂಲಿ. ಒಂದು ಲಡಿ ಎಂದರೆ 1,000 ಮೀಟರ್ ನೂಲು. ಲಡಿಗೆ ಇಷ್ಟು ಎಂದು ಮೊದಲೇ ಗೊತ್ತಿರುವುದರಿಂದ ನೂತವಳು ತನ್ನ ಹಣವನ್ನು ತಾನೇ ಲೆಕ್ಕ ಹಾಕಬಲ್ಲಳು. ಉಣ್ಣೆ ನೂಲು ದಪ್ಪ, ಅದಕ್ಕೆ ತೂಕದ ಲೆಕ್ಕ ಸುಲಭ. ಜೊತೆಗೆ ಮೂರು ವಿಷಯ ನೋಡಿದರೆ ಸಾಕು: ಕಸ ಇದೆಯೇ, ಎಳೆ ಒಂದೇ ದಪ್ಪವಿದೆಯೇ, ಬಣ್ಣ ಬೆರಕೆಯಾಗಿದೆಯೇ. ಹಾಲಿನ ಗುಣಮಟ್ಟಕ್ಕೆ ತಕ್ಕಂತೆ ದರ ಬರುವುದು ನಿಮಗೆ ಹೊಸದಲ್ಲ. ಅದನ್ನೇ ನೂಲಿಗೆ ತರಬೇಕು.

ಹೆಂಗಸರೇ ಸಂಘ ಕಟ್ಟಿಕೊಂಡು ನೇಯ್ಗೆ ನಡೆಸಿದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಶುರುವಾದ 'ಚರಕ' ಮಹಿಳಾ ಸಹಕಾರ ಸಂಘ. ಅಲ್ಲಿಯದು ಹತ್ತಿ ಕೈಮಗ್ಗ. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುವುದು, ನೇಯುವುದು, ಹೊಲಿಯುವುದು ಎಲ್ಲ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳ ಕೆಲಸ. ಬಟ್ಟೆ 'ದೇಸಿ' ಅಂಗಡಿಗಳ ಮೂಲಕ ಪಟ್ಟಣದ ಗಿರಾಕಿಗೆ ತಲುಪುತ್ತದೆ. ನೀವು ಹಾಲು ಹಾಕುತ್ತೀರಿ, ಒಕ್ಕೂಟ ಅದನ್ನು ಮಾರುತ್ತದೆಯಲ್ಲ, ಅದೇ ರೀತಿ. ಈ ದಾರಿ ಸಲೀಸಾಗಿರಲಿಲ್ಲ. 2020ರಲ್ಲಿ ಆ ಸಂಘ ದೊಡ್ಡ ಹಣದ ಮುಗ್ಗಟ್ಟಿಗೆ ಸಿಕ್ಕಿತ್ತು. ನೇಯುವುದು ಅರ್ಧ ಕೆಲಸ, ಮಾರುವ ವ್ಯವಸ್ಥೆ ಗಟ್ಟಿ ಇರಬೇಕು ಎಂಬುದನ್ನೂ ಅದರಿಂದ ಕಲಿಯಬೇಕು.

ಕುರಿ ಇರುವ ಮನೆಯವರು ಮಾಡಬೇಕಾದದ್ದು

ಒಳ್ಳೆಯ ನೂಲು ಶುರುವಾಗುವುದು ಕುರಿಯ ಮೈಮೇಲೆ. ಪಶುವೈದ್ಯಾಧಿಕಾರಿಯಾಗಿ ಈ ಮಾತುಗಳನ್ನು ಒತ್ತಿ ಹೇಳುತ್ತೇನೆ.

1. ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಸಿ, ಪೂರ್ತಿ ಒಣಗಿದ ಮೇಲಷ್ಟೇ ಕತ್ತರಿ ಹಾಕಿಸಿ. ಒದ್ದೆ ಉಣ್ಣೆಯನ್ನು ಚೀಲಕ್ಕೆ ತುಂಬಿದರೆ ಬೂಸಲು ಹಿಡಿಯುತ್ತದೆ.

2. ಬರಿ ನೆಲದ ಮೇಲೆ ಬೇಡ, ಟಾರ್ಪಾಲು ಹಾಸಿ ಕತ್ತರಿಸಿ. ಹೊಟ್ಟೆ, ತೊಡೆ, ಬಾಲದ ಕೊಳಕು ಉಣ್ಣೆಯನ್ನು ಬೇರೆ ಇಡಿ. ಕರಿ, ಬಿಳಿ, ಮರಿ ಉಣ್ಣೆಗೆ ಬೇರೆ ಬೇರೆ ಚೀಲ ಮಾಡಿ.

3. ಗುರುತಿಗೆ ಎಣ್ಣೆ ಬಣ್ಣ ಬಳಿಯಬೇಡಿ. ಅದು ತೊಳೆದರೂ ಹೋಗುವುದಿಲ್ಲ.

4. ಈಯುವ ದಿನ ಹತ್ತಿರವಿರುವ ಕುರಿಯನ್ನು ಕೆಡವಿ ಕತ್ತರಿಸಬೇಡಿ. ಗಾಯವಾದರೆ ಕೂಡಲೇ ಔಷಧಿ ಹಚ್ಚಿ, ಇಲ್ಲವಾದರೆ ಹುಳ ಬೀಳುತ್ತದೆ. ಉಣ್ಣಿ, ಹೇನಿನ ಔಷಧಿಯನ್ನು ಗಾಯ ಮಾಯ್ದ ಮೇಲೆ ವೈದ್ಯರು ಹೇಳಿದ ಪ್ರಮಾಣದಲ್ಲೇ ಹಾಕಿಸಿ.

5. ಹಿಂಡಿಗೆ ಹೊರಗಿನ ಟಗರು ಬಿಡುವ ಮೊದಲು ಯೋಚಿಸಿ. ಬಳ್ಳಾರಿ, ಡೆಕ್ಕನಿ ತಳಿ ನಮ್ಮ ಬಿಸಿಲು, ಬರ, ದೂರದ ನಡಿಗೆಗೆ ಒಗ್ಗಿದವು. ಒಳ್ಳೆಯ ಮೈಕಟ್ಟಿನ ಟಗರನ್ನು ಅದೇ ತಳಿಯಲ್ಲಿ ಆರಿಸಿದರೆ ಮಾಂಸ, ಉಣ್ಣೆ ಎರಡೂ ಉಳಿಯುತ್ತವೆ.

6. ಇದು ಎಲ್ಲಕ್ಕಿಂತ ಮುಖ್ಯ. ಇದ್ದಕ್ಕಿದ್ದಂತೆ ಸತ್ತ ಕುರಿಯ ಉಣ್ಣೆಯನ್ನು ಎಂದೂ ತೆಗೆಯಬೇಡಿ. ಮೂಗು, ಬಾಯಿ, ಗುದದಿಂದ ರಕ್ತ ಸೋರಿದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಇದರ ರೋಗಾಣು ಉಣ್ಣೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಗಿರಣಿಗಳಲ್ಲಿ ಉಣ್ಣೆ ವಿಂಗಡಿಸುತ್ತಿದ್ದ ಕಾರ್ಮಿಕರು ಇದರ ದೂಳನ್ನು ಉಸಿರಾಡಿ ಸತ್ತರು. 'ಉಣ್ಣೆ ವಿಂಗಡಿಸುವವರ ರೋಗ' ಎಂದೇ ಅದಕ್ಕೆ ಹೆಸರು ಬಂತು. ಅಂಥ ಕುರಿಯನ್ನು ಮುಟ್ಟದೆ, ಸುಲಿಯದೆ, ಕೊಯ್ಯದೆ ಪಶು ಆಸ್ಪತ್ರೆಗೆ ತಿಳಿಸಿ. ಹಿಂಜುವಾಗ, ಎಕ್ಕುವಾಗ ಯಾವಾಗಲೂ ಬಾಯಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬಾಗಿಲು ತೆರೆದಿಡಿ, ಎಳೆ ಮಕ್ಕಳನ್ನು ಪಕ್ಕದಲ್ಲಿ ಮಲಗಿಸಬೇಡಿ.

ಮುಂದಿನ ಹೆಜ್ಜೆ

ನೂಲುವ ಅಕ್ಕಂದಿರು ಮೊದಲು ಒಂದು ನೋಟ್‌ಬುಕ್ ಇಡಿ. ತಾರೀಖು, ತಂದ ಉಣ್ಣೆ ಎಷ್ಟು, ಬಿಡಿಸಿದ ಮೇಲೆ ಎಷ್ಟು ಉಳಿಯಿತು, ಎಷ್ಟು ನೂಲಾಯಿತು, ಎಷ್ಟು ದಿನ ಹಿಡಿಯಿತು, ಇಷ್ಟು ಬರೆದರೆ ಸಾಕು. ಓದು ಬಾರದಿದ್ದರೆ ಮಕ್ಕಳ ಕೈಯಲ್ಲಿ ಬರೆಸಿ. ಎರಡು ಕತ್ತರಿಯ ಲೆಕ್ಕ ಕೈಯಲ್ಲಿದ್ದರೆ, ಒಂದು ಕಂಬಳಿಯಲ್ಲಿ ನಿಮ್ಮ ದುಡಿಮೆ ಎಷ್ಟು ಎಂದು ಮನೆಯಲ್ಲೂ ಸಂತೆಯಲ್ಲೂ ಹೇಳಬಹುದು.

ಆಮೇಲೆ ನಾಲ್ಕಾರು ಮನೆಯವರು ಸೇರಿ ನಿಮ್ಮ ಸ್ವಸಹಾಯ ಗುಂಪಿನಲ್ಲಿ ಮಾತು ಎತ್ತಿ. ಹತ್ತಿರದಲ್ಲಿ ಉಣ್ಣೆ ನೇಕಾರರ ಸಹಕಾರ ಸಂಘ ಇದ್ದರೆ, ನೂಲುವವರಿಗೂ ಸದಸ್ಯತ್ವ ಕೊಡಲು ಅವಕಾಶ ಇದೆಯೇ, ನೂಲನ್ನು ತೂಗಿ ಕೊಳ್ಳುತ್ತಾರೆಯೇ ಎಂದು ಕೇಳಿ. ಮುಂದಿನ ಸಲ ನಾನು ನಿಮ್ಮ ಊರಿಗೆ ದನಗಳ ಶಿಬಿರಕ್ಕೆ ಬಂದಾಗ ಆ ನೋಟ್‌ಬುಕ್ಕನ್ನೂ ತನ್ನಿ. ಹಸುವಿನ ಚೀಟಿಯ ಜೊತೆಗೆ ಅದನ್ನೂ ಕೂತು ನೋಡೋಣ.