ಕೀಲು 'ಲಟಕ್' ಅಂದರೆ ಹೆದರಬೇಕಾ? ಸದ್ದು ಯಾಕೆ ಬರುತ್ತೆ, ಡಾಕ್ಟರ್ ಹತ್ರ ಯಾವಾಗ ಹೋಗಬೇಕು? ಇಲ್ಲಿದೆ ಮಾಹಿತಿ

ಶಿಕಾರಿಪುರ/ಸೊರಬ: ಬೆಳಗ್ಗೆ ಅಂಗಡಿ ಶಟರ್ ಎತ್ತೋಕೆ ಬಗ್ಗಿದರೆ ಮೊಣಕಾಲು 'ಲಟಕ್'. ಗಲ್ಲಾಪೆಟ್ಟಿಗೆ ಮುಂದೆ ಎರಡು ತಾಸು ಚಕ್ಕಂಬಕ್ಕಳ ಹಾಕಿ ಕೂತು ಎದ್ದರೆ ಸೊಂಟ 'ಟಕ್'. ಗಿರಾಕಿ ಇಲ್ಲದ ಹೊತ್ತಲ್ಲಿ ಬೆರಳು ಹಿಡಿದು ಎಳೆದರೆ 'ಲಟಲಟ'. ಈ ಸದ್ದು ಕೇಳದ ಮನೆ ಎರಡೂ ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಸದ್ದಿನ ಬಗ್ಗೆ ನಮ್ಮಲ್ಲಿ ಎರಡು ಮಾತಿದೆ. ಮಗುವಿಗೆ ದೃಷ್ಟಿ ತೆಗೆದ ಅಜ್ಜಿ ಹಣೆಯ ಪಕ್ಕಕ್ಕೆ ಬೆರಳು ಒತ್ತಿ ನೆಟಿಕೆ ಮುರಿದಾಗ ಜೋರಾಗಿ ಸದ್ದು ಬಂದರೆ 'ಎಷ್ಟು ದೃಷ್ಟಿ ಆಗಿತ್ತು ನೋಡು' ಅಂತಾರೆ. ಅದೇ ಅಜ್ಜಿ, ಮೊಮ್ಮಗ ಸುಮ್ಮನೆ ಕೂತು ಬೆರಳು ಮುರಿದರೆ 'ಕೀಲು ಸವೀತದೆ, ಬಿಡೋ' ಅಂತ ಗದರುತ್ತಾರೆ. ಹಾಗಾದರೆ ನಿಜ ಯಾವುದು?

ಸದ್ದು ಬರೋದು ಮೂಳೆಯಿಂದಲ್ಲ

ಬೆರಳು ಮುರಿದಾಗ ಮೂಳೆಗೆ ಮೂಳೆ ಬಡಿಯುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಎರಡು ಮೂಳೆ ಸೇರುವ ಕಡೆ ಮುಚ್ಚಿದ ಚೀಲದಂಥ ಒಂದು ಹೊದಿಕೆ ಇರುತ್ತೆ. ಅದರೊಳಗೆ ಮೊಟ್ಟೆಯ ಬಿಳಿ ಲೋಳೆಯಂಥ ದ್ರವ ಇದೆ. ಕೀಲಿಗೆ ಅದೇ ಗ್ರೀಸ್. ಆ ದ್ರವದಲ್ಲಿ ಸ್ವಲ್ಪ ಗಾಳಿಯೂ ಕರಗಿರುತ್ತೆ.

ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಒತ್ತುವವರೆಗೆ ಬಾಟಲಿಯೊಳಗೆ ಗುಳ್ಳೆ ಕಾಣಲ್ಲ. ಗೋಲಿ ಕೆಳಗೆ ಬಿದ್ದ ತಕ್ಷಣ ಒತ್ತಡ ಇಳಿದು ಬುಸ್ ಅಂತ ಗುಳ್ಳೆ ಏಳುತ್ತೆ. ಬೆರಳು ಎಳೆದಾಗಲೂ ಹೆಚ್ಚು ಕಡಿಮೆ ಇದೇ ಆಗೋದು. ಮೂಳೆಗಳು ಕೂದಲೆಳೆಯಷ್ಟು ದೂರ ಸರಿದು, ಚೀಲದೊಳಗೆ ಒತ್ತಡ ಥಟ್ಟನೆ ಇಳಿದು, ಗಾಳಿ ಗುಳ್ಳೆಯಾಗುತ್ತೆ. ಆಗ ಬರೋದೇ 'ಲಟಕ್'. ಕರಗಿದ ಗಾಳಿ ಮತ್ತೆ ಮೊದಲಿನ ಸ್ಥಿತಿಗೆ ಬರೋಕೆ ಸುಮಾರು 20 ನಿಮಿಷ ಬೇಕು. ಒಮ್ಮೆ ಮುರಿದ ಬೆರಳನ್ನು ತಕ್ಷಣ ಮತ್ತೆ ಎಳೆದರೆ ಸದ್ದು ಬರದೇ ಇರೋದು ಇದಕ್ಕೇ.

ಇಷ್ಟು ಸಣ್ಣ ವಿಷಯಕ್ಕೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಗುಳ್ಳೆ ಹುಟ್ಟುವಾಗ ಸದ್ದು ಬರುತ್ತೆ ಅಂತ 1947ರಲ್ಲಿ ಲಂಡನ್ನಿನ ಸಂಶೋಧಕರು ಹೇಳಿದರು. ಇಲ್ಲ, ಗುಳ್ಳೆ ಒಡೆಯುವಾಗ ಅಂತ 1971ರಲ್ಲಿ ಇಂಗ್ಲೆಂಡಿನದ್ದೇ ಲೀಡ್ಸ್‌ನವರು ವಾದಿಸಿದರು. 2015ರಲ್ಲಿ ಕೆನಡಾದಲ್ಲಿ ಎಂಆರ್‌ಐ ಯಂತ್ರದೊಳಗೆ ಕೈ ಇಟ್ಟು ಬೆರಳು ಎಳೆದು ನೋಡಿದಾಗ, ಸದ್ದು ಬಂದ ಹೊತ್ತಿಗೆ ಗುಳ್ಳೆ ಹುಟ್ಟಿದ್ದು ಕಂಡಿತು. 2018ರಲ್ಲಿ ಇನ್ನಿಬ್ಬರು ಲೆಕ್ಕ ಹಾಕಿ, ಗುಳ್ಳೆ ಅರ್ಧಂಬರ್ಧ ಕುಸಿದರೂ ಅಷ್ಟು ಸದ್ದು ಬರುತ್ತೆ ಅಂದರು. ಕಾರಣ ಗುಳ್ಳೆಯೇ ಅನ್ನೋದರಲ್ಲಿ ಮಾತ್ರ ತಕರಾರಿಲ್ಲ.

ಬೆರಳು ಮುರಿದರೆ ಕೀಲು ಸವೆಯುತ್ತಾ?

ಅಮೆರಿಕದ ಡಾ. ಡೊನಾಲ್ಡ್ ಅಂಗರ್ ಎಂಬ ವೈದ್ಯರಿಗೂ ಚಿಕ್ಕವರಿದ್ದಾಗ ಮನೆಯವರು ನಮ್ಮ ಅಜ್ಜಿಯರ ಹಾಗೇ ಗದರಿದ್ದರು. ಅವರು 50 ವರ್ಷ ದಿನಕ್ಕೆ ಎರಡು ಸಲವಾದರೂ ಎಡಗೈ ಬೆರಳು ಮಾತ್ರ ಮುರಿದರು. ಬಲಗೈ ಹಾಗೇ ಬಿಟ್ಟರು. ಎಡಗೈ ಲೆಕ್ಕ ಕನಿಷ್ಠ 36,500 ಸಲ! ಕೊನೆಗೆ ನೋಡಿದರೆ ಎರಡೂ ಕೈಯಲ್ಲಿ ಸಂಧಿವಾತ ಇರಲಿಲ್ಲ. 1998ರಲ್ಲಿ ವೈದ್ಯಕೀಯ ಪತ್ರಿಕೆಗೆ ಇದನ್ನು ಬರೆದರು, 2009ರಲ್ಲಿ ತಮಾಷೆಯ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪಡೆದರು.

ಒಬ್ಬರ ಕೈ ನೋಡಿ ತೀರ್ಪು ಕೊಡೋಕೆ ಆಗಲ್ಲ, ನಿಜ. ಆದರೆ 1990ರಲ್ಲಿ 300 ಜನರನ್ನು ಪರೀಕ್ಷಿಸಿದ ಅಧ್ಯಯನದಲ್ಲೂ ಬೆರಳು ಮುರಿಯುವವರಿಗೆ ಸಂಧಿವಾತ ಹೆಚ್ಚು ಅಂತ ಕಂಡಿಲ್ಲ. ಅವರಲ್ಲಿ ಕೆಲವರ ಕೈ ಊದಿತ್ತು, ಹಿಡಿತ ಕಮ್ಮಿ ಇತ್ತು ಅಂತ ಮಾತ್ರ ಅದು ಹೇಳಿತು. ಹಾಗಾಗಿ ಜೋರು ಮಾಡಿ ತಿರುಚೋದು ಬೇಡ, ಅಪ್ಪಿತಪ್ಪಿ ಸದ್ದು ಬಂದರೆ ಗಾಬರಿಯೂ ಬೇಡ.

ಮೊಣಕಾಲಿನ 'ಕರಕರ' ಬೇರೆ

ಕೂತು ಏಳುವಾಗ ಒಂದೇ ಸಲ 'ಟಕ್' ಅಂದರೆ ಅದು ಗುಳ್ಳೆ ಇರಬಹುದು. ಇಲ್ಲವೇ ಸ್ನಾಯುವಿನ ದಾರ ಮೂಳೆಯ ಉಬ್ಬಿನ ಮೇಲೆ ಜಾರಿದ್ದಿರಬಹುದು. ನೋವಿಲ್ಲದಿದ್ದರೆ ಎರಡರಿಂದಲೂ ತೊಂದರೆ ಇಲ್ಲ.

ಆದರೆ ಪ್ರತಿ ಸಲ ಮಡಿಸಿದಾಗಲೂ ಮರಳು ಅರೆದ ಹಾಗೆ 'ಕರಕರ' ಅಂದು, ಜೊತೆಗೆ ನೋವೂ ಇದ್ದರೆ ಮೂಳೆ ತುದಿಯ ನುಣುಪು ಪದರ ಸವೆದಿರುವ ಸಾಧ್ಯತೆ ಇದೆ. ಸುಗ್ಗಿಯಲ್ಲಿ ರಾತ್ರಿಯಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು, ಮೆಕ್ಕೆಜೋಳದ ಚೀಲ ಹೊರುವ ಹಮಾಲರು, ಕುಕ್ಕರಗಾಲಲ್ಲಿ ಶುಂಠಿ ಕೀಳುವ ಹೆಂಗಸರು, ನೆಲದ ಮೇಲೆ ಕೂತು ಗಂಧದ ಕೆತ್ತನೆ ಮಾಡುವ ಸೊರಬದ ಗುಡಿಗಾರರು, ಇವರೆಲ್ಲ ಮೊಣಕಾಲಿನ ಮಾತು ಕೇಳಬೇಕು. ಒಂದೇ ಭಂಗಿಯಲ್ಲಿ ಕೂರದೆ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಆದಷ್ಟು ಸ್ಟೂಲ್ ಬಳಸಿ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಹತ್ತು ಎಣಿಸುವ ವ್ಯಾಯಾಮ ಮಾಡಿದರೆ ತೊಡೆಯ ಬಲ ಹೆಚ್ಚಿ ಮೊಣಕಾಲಿನ ಭಾರ ಇಳಿಯುತ್ತೆ.

ಕುತ್ತಿಗೆ ಮುರಿಸಿಕೊಳ್ಳಬೇಡಿ

ಕಟಿಂಗ್ ಆದಮೇಲೆ ತಲೆ ಹಿಡಿದು ಆ ಕಡೆ ಈ ಕಡೆ 'ಲಟಕ್' ಅನ್ನಿಸಿದರೆ ಹಾಯ್ ಅನಿಸುತ್ತೆ. ಇದೊಂದು ಮಾತ್ರ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹೋಗುತ್ತವೆ. ಥಟ್ಟನೆ ತಿರುಚಿದರೆ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. 2024ರಲ್ಲಿ ಬಳ್ಳಾರಿಯ 30 ವರ್ಷದ ವ್ಯಕ್ತಿಯೊಬ್ಬರಿಗೆ ಸಲೂನಿನಲ್ಲಿ ಮಸಾಜ್ ವೇಳೆ ಕುತ್ತಿಗೆ ತಿರುಚಿದ ಮೇಲೆ ಹೀಗೇ ಆಗಿ, ಮಾತು ತೊದಲಿ ಎಡಭಾಗದ ಬಲ ಕುಂದಿದ ಸುದ್ದಿ ರಾಜ್ಯವೆಲ್ಲ ಹರಡಿತ್ತು. ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಇಂಥದ್ದು ಅಪರೂಪವೇ, ಆದರೆ 'ಅಣ್ಣ, ಕುತ್ತಿಗೆ ಬೇಡ' ಅನ್ನೋಕೆ ಖರ್ಚೇನಿಲ್ಲ.

ಪಕ್ಕದ ಹಂದಿಗೋಡು ಹೇಳುವ ಪಾಠ

ಸದ್ದಿಗೆ ಹೆದರಿ ನೋವನ್ನು ಕಡೆಗಣಿಸುವುದು ನಮ್ಮ ಅಭ್ಯಾಸ. ಪಕ್ಕದ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮೊಣಕಾಲಿನ ಕೀಲು ಹಾಳಾಗಿ ಜನ ನಡೆಯಲಾರದೆ ಹೋದದ್ದು ಬೆಳಕಿಗೆ ಬಂತು. ಹೆಚ್ಚಿನವರು ಬಡ ಕೂಲಿ ಕುಟುಂಬದವರು. ಗದ್ದೆಯ ಏಡಿ ತಿಂದಿದ್ದಕ್ಕೆ, ಕ್ರಿಮಿನಾಶಕದ ವಿಷಕ್ಕೆ ಹೀಗಾಯ್ತು ಅಂತ ಮೊದಲು ಅನುಮಾನಪಟ್ಟರು. ನಂತರದ ಸಂಶೋಧನೆಯಲ್ಲಿ ಅದು ವಂಶಪಾರಂಪರ್ಯವಾಗಿ ಬರುವ ಕಾಯಿಲೆ ಅಂತ ಗೊತ್ತಾಯ್ತು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಲ್ಲೂ ಇದು ಕಂಡಿದೆ. ಅಲ್ಲಿ ಕಾಯಿಲೆ ಗುರುತು ಸಿಕ್ಕಿದ್ದು ಸದ್ದಿನಿಂದಲ್ಲ, ನೋವಿನಿಂದ, ಬದಲಾದ ನಡಿಗೆಯಿಂದ.

ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ:

* ಸದ್ದಿನ ಜೊತೆ ನೋವು, ಊತ ಅಥವಾ ಬಿಸಿ
* ಮೊಣಕಾಲು ಮಡಿಸಿದ್ದು ಹಾಗೇ ಸಿಕ್ಕಿಕೊಳ್ಳುವುದು, ನಡೆಯುವಾಗ ಕುಸಿಯುವುದು
* ಬಿದ್ದಾಗ 'ಫಟ್' ಎಂದು ಸದ್ದಾಗಿ ತಕ್ಷಣ ಊದಿಕೊಳ್ಳುವುದು
* ಬೆಳಗ್ಗೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಕೀಲು ಬಿಗಿದಿರುವುದು
* ಮಕ್ಕಳು ಕುಂಟುವುದು, ಸೊಂಟ ನೋವು ಎನ್ನುವುದು

ಶಿಕಾರಿಪುರ, ಸೊರಬ ಎರಡೂ ಕಡೆ ತಾಲೂಕು ಆಸ್ಪತ್ರೆ ಇದೆ, ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಇದೆ. ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳಿ ತಿಂಗಳುಗಟ್ಟಲೆ ನುಂಗಿದರೆ ಕೀಲು ಸರಿಯಾಗಲ್ಲ, ಕಿಡ್ನಿ ಹಾಳಾಗಬಹುದು. ಬರೀ ಸದ್ದಾದರೆ ನಿಶ್ಚಿಂತೆಯಿಂದ ಶಟರ್ ಎತ್ತಿ. ನೋವೂ ಇದ್ದರೆ ಒಂದು ದಿನ ಅಂಗಡಿ ತಡವಾಗಿ ತೆರೆದರೂ ಪರವಾಗಿಲ್ಲ, ಮೊದಲು ತೋರಿಸಿಕೊಂಡು ಬನ್ನಿ.