ನಿಮಗಿದು ಗೊತ್ತೇ? ಒಲೆ ಹಚ್ಚದೆ ಸಾವಿರಾರು ಕಿಲೋಮೀಟರ್

ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಕಾಲುದಾರಿ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿ.ಮೀ. ಅದನ್ನು ಒಂದೇ ಋತುವಿನಲ್ಲಿ ನಡೆದು ಮುಗಿಸುವವರಲ್ಲಿ ಕೆಲವರು ದಾರಿಯುದ್ದಕ್ಕೂ ಒಲೆ ಹಚ್ಚುವುದೇ ಇಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಒಣ ಆಹಾರ, ತಣ್ಣೀರು ಹಾಕಿಕೊಂಡು ನಡೆಯುತ್ತಾರೆ. ಡೇರೆ ಹಾಕುವಷ್ಟರಲ್ಲಿ ಊಟ ನೆನೆದಿರುತ್ತದೆ. ಬಹಳ ಜನರ ಅಚ್ಚುಮೆಚ್ಚಿನ ಡಬ್ಬಿ ಟಲೆಂಟಿ ಎಂಬ ಬ್ರ್ಯಾಂಡಿನ ಐಸ್‌ಕ್ರೀಮಿನದು. ಅದನ್ನು ಖಾಲಿ ಮಾಡುವ ಕಷ್ಟಕ್ಕೆ ಯಾರೂ ಗೊಣಗುವುದಿಲ್ಲ.

ಇದು ಹಸಿ ಊಟವಲ್ಲ. ಬೆಂಕಿಯ ಕೆಲಸ ಮೊದಲೇ ಬೇರೆಲ್ಲೋ ಮುಗಿದಿರುತ್ತದೆ. ಇನ್‌ಸ್ಟಂಟ್ ನೂಡಲ್ಸನ್ನು ಕಾರ್ಖಾನೆಯಲ್ಲೇ ಹಬೆಯಲ್ಲಿ ಬೇಯಿಸಿ, ಸಾಮಾನ್ಯವಾಗಿ ಎಣ್ಣೆಯಲ್ಲಿ ಕರಿದಿರುತ್ತಾರೆ. ತಣ್ಣೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಮೆತ್ತಗಾಗುತ್ತದೆ. ಬೇಯಿಸಿ ಒಣಗಿಸಿದ ಆಲೂಗಡ್ಡೆ ಚಕ್ಕೆಗೆ ಕೆಲವೇ ನಿಮಿಷ ಸಾಕು. ನಮ್ಮ ಅವಲಕ್ಕಿಯೂ ಇದೇ ಜಾತಿ: ಭತ್ತವನ್ನು ನೆನೆಸಿ, ಹುರಿದು, ಕುಟ್ಟಿದ್ದು. ಹುರಿಹಿಟ್ಟಿಗಂತೂ ಮಜ್ಜಿಗೆಯೋ ಬೆಲ್ಲದ ನೀರೋ ಸಿಕ್ಕರೆ ಕಾಯುವ ಮಾತೇ ಇಲ್ಲ.

ಅಸ್ಸಾಮಿನ ಬೋಕಾ ಸಾಉಲ್ ಎಂಬ ಅಕ್ಕಿ ತಣ್ಣೀರಿನಲ್ಲಿ ನೆನೆದೇ ಅನ್ನವಾಗುತ್ತದೆ. ಮೊಸರು, ಬೆಲ್ಲ ಕಲಸಿ ತಿನ್ನುತ್ತಾರೆ.

ಹಸಿ ರಾಜ್ಮಾದ ಬಳಿ ಮಾತ್ರ ಈ ಆಟ ನಡೆಯದು. ಬರೀ ನೆನೆಸಿದ ನಾಲ್ಕೈದು ಕಾಳೂ ವಾಂತಿ ತರಿಸಬಲ್ಲವು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶ ನಾಶವಾಗಲು ಕನಿಷ್ಠ 10 ನಿಮಿಷ ಕೊತಕೊತ ಕುದಿಯಬೇಕು.

1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ ಅಮೆರಿಕದ್ದೇ ಇನ್ನೊಂದು ದೂರದ ಕಾಲುದಾರಿ ಅಪಲಾಚಿಯನ್ ಟ್ರೇಲನ್ನು ಒಬ್ಬರೇ ಪೂರ್ತಿ ನಡೆದರು. ಆಗ ಅವರಿಗೆ 67 ವರ್ಷ, 11 ಮಕ್ಕಳ ತಾಯಿ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ. ಡೇರೆಯೂ ಇಲ್ಲ, ಒಲೆಯೂ ಇಲ್ಲ! ಒಣದ್ರಾಕ್ಷಿ, ಬೀಜಗಳು, ಡಬ್ಬಿಯ ಸಾಸೇಜುಗಳೇ ಬುತ್ತಿ. ಆ ದಾರಿಯನ್ನು ಒಂಟಿಯಾಗಿ ಒಂದೇ ಋತುವಿನಲ್ಲಿ ಮುಗಿಸಿದ ಮೊದಲ ಮಹಿಳೆ ಅವರೇ.

ಒಲೆ, ಗ್ಯಾಸ್, ಪಾತ್ರೆ ಬಿಟ್ಟರೆ ಸುಮಾರು ಅರ್ಧ ಕಿಲೋ ಹೊರೆ ಇಳಿಯುತ್ತದೆ. ಆದರೆ ನೆನೆಯುತ್ತಿರುವ ಅರ್ಧ ಲೀಟರ್ ನೀರೂ ಅರ್ಧ ಕಿಲೋನೇ! ಊಟಕ್ಕೆ ಮುಂಚಿನ ಆ ಅರ್ಧ ಗಂಟೆ ಲಾಭವೆಲ್ಲ ವಜಾ.

ಬಿಸಿ ಊಟ ತಪ್ಪಿತಲ್ಲ ಎಂಬ ಕೊರಗೇ? 60 ಡಿಗ್ರಿ ಬಿಸಿಯ ಅರ್ಧ ಲೀಟರ್ ಸೂಪು ತನ್ನ ಬಿಸಿಯಿಂದ ದೇಹಕ್ಕೆ ಕೊಡುವುದು ಸುಮಾರು 12 ಕಿಲೋಕ್ಯಾಲೊರಿ ಮಾತ್ರ. ಎರಡು ಮೂರು ಕಡಲೆಕಾಯಿ ಬೀಜ ತಿಂದರೂ ಅಷ್ಟೇ ಸಿಗುತ್ತದೆ. ಆದರೂ ಮಳೆಯಲ್ಲಿ ನೆಂದು ಕೂತವರ ಮುಂದೆ ಈ ಲೆಕ್ಕ ಒಪ್ಪಿಸದಿರುವುದು ಕ್ಷೇಮ.

ಇನ್‌ಸ್ಟಂಟ್ ಕಾಫಿ ಪುಡಿ ತಣ್ಣೀರಿನಲ್ಲೂ ಕರಗುತ್ತದೆ. ಒಲೆ ಬಿಟ್ಟವರು ಬೆಳಗ್ಗೆ ಅದನ್ನೇ ಕುಲುಕಿ ಕುಡಿಯುತ್ತಾರೆ. ಫಿಲ್ಟರ್ ಕಾಫಿಯವರು ಮುಖ ಸಿಂಡರಿಸಬಹುದು.